ಫಡೆಪ್ಪ ದರೆಪ್ಪ ಚೌಗುಲೆ ಯಾರು, ಗೊತ್ತೇನ್ರಿ?

(ಭಂಡಾರಕವಠೆಯಲ್ಲಿ ಓಟದ ಸ್ಪರ್ಧೆಯ ಬಹುಮಾನ ಕೊಡುವ ಸಂಜೆ ಆಡಿದ ಮಾತು. ಬರಲಾಗದ ಗೆಳೆಯರು ಕೇಳಿದ್ದರಿಂದ ಇಲ್ಲಿ ಬರೆದು ಹಾಕಿದ್ದೇವೆ.)





ಭಾಷಣ ಬ್ಯಾಡ, ಎರಡು ಪ್ರಶ್ನೆ ಕೇಳ್ತೀನಿ. 2011ರ ವಿಶ್ವಕಪ್ ಫೈನಲ್‌ನಲ್ಲಿ ಕೊನೆಯ ಸಿಕ್ಸರ್ ಹೊಡೆದವರು ಯಾರು? ನೋಡ್ರಿ, ಎಲ್ಲಾರೂ ಕೈ ಎತ್ತಿದ್ರಿ. ಆಗ ಹುಟ್ಟೇ ಇರದ ಈ ಸಣ್ಣ ಹುಡುಗ ಕೂಡ ಎತ್ತಿದಾನ. ಒಳ್ಳೇದು. ಈಗ ಎರಡನೇ ಪ್ರಶ್ನೆ. ಫಡೆಪ್ಪ ದರೆಪ್ಪ ಚೌಗುಲೆ ಯಾರು?

ಒಂದು ಕೈನೂ ಇಲ್ಲ.

ನಾಚಿಕೋಬ್ಯಾಡ್ರಿ. ಕೆಲವು ವರ್ಷದ ಹಿಂದೆ ನನಗೂ ಗೊತ್ತಿರಲಿಲ್ಲ. ನಾನು ಓದಿದ ಯಾವ ಶಾಲೆಯ ಪುಸ್ತಕದಲ್ಲೂ ಆ ಹೆಸರು ಇರಲಿಲ್ಲ. ಅದಕ್ಕೇ ಇವತ್ತು ಆ ಮನುಷ್ಯನ ಬಗ್ಗೆ ಹೇಳಬೇಕು ಅಂತ ಬಂದೀನಿ.

ಇವರು ಬೆಳಗಾವಿಯವರು. 1920ರಲ್ಲಿ ಬೆಲ್ಜಿಯಂ ದೇಶದ ಆಂಟ್ವರ್ಪ್ ನಗರದಲ್ಲಿ ಒಲಿಂಪಿಕ್ಸ್ ನಡೆಯಿತು. ಭಾರತ ಅಂತ ಒಂದು ತಂಡ ಕಟ್ಟಿಕೊಂಡು ನಮ್ಮವರು ಒಲಿಂಪಿಕ್ಸಿಗೆ ಹೋದದ್ದು ಅದೇ ಮೊದಲು. ಅದರ ಹಿಂದಿನ ಕಥೆ ಪುಣೆಯದು. 1919ರಲ್ಲಿ ಅಲ್ಲಿಯ ಡೆಕ್ಕನ್ ಜಿಮಖಾನಾದಲ್ಲಿ ಓಟದ ಸ್ಪರ್ಧೆ ಇತ್ತು. ಅದರ ಅಧ್ಯಕ್ಷರು ಸರ್ ದೋರಾಬ್ಜಿ ಟಾಟಾ. ಓಡಲು ಬಂದವರಲ್ಲಿ ಹೆಚ್ಚಿನವರು ಹೊಲದಲ್ಲಿ ದುಡಿಯುವ ಮಂದಿ. ಕಾಲಲ್ಲಿ ಬೂಟಿಲ್ಲ. ಆದರೂ ಕೆಲವರ ಸಮಯ ನೋಡಿದರೆ ಯುರೋಪಿನ ಓಟಗಾರರ ಹತ್ತಿರಕ್ಕೇ ಬರುತ್ತಿತ್ತು. ಇವರನ್ನು ಯಾಕೆ ಒಲಿಂಪಿಕ್ಸಿಗೆ ಕಳಿಸಬಾರದು ಅಂತ ದೋರಾಬ್ಜಿಯವರಿಗೆ ಅನ್ನಿಸಿತು. ಮುಂದೆ ನಿಂತು ದುಡ್ಡು ಹೊಂದಿಸಿದರು. ಮರುವರ್ಷ ಐವರು ಆಂಟ್ವರ್ಪಿನಲ್ಲಿ ಕಣಕ್ಕಿಳಿದರು. ಬಂಗಾಲದ ಪೂರ್ಮಾ ಬ್ಯಾನರ್ಜಿ, ಸಾತಾರಾದ ಸದಾಶಿವ ದಾತಾರ್, ಕುಸ್ತಿಗೆ ಕುಮಾರ ನವಲೆ ಮತ್ತು ರಣಧೀರ ಶಿಂಧೆ, ಇವರ ಜೊತೆಗೆ ನಮ್ಮ ಬೆಳಗಾವಿಯ ಫಡೆಪ್ಪ.

ಆಗಸ್ಟ್ 22ರಂದು ಮ್ಯಾರಥಾನ್. ಈಗ ಮ್ಯಾರಥಾನ್ ಅಂದರೆ 42.195 ಕಿಲೋಮೀಟರ್. ಅವತ್ತಿನ ದಾರಿ 42.75 ಕಿಲೋಮೀಟರ್ ಇತ್ತು. ಫಡೆಪ್ಪ ಅದನ್ನು 2 ತಾಸು 50 ನಿಮಿಷ 45 ಸೆಕೆಂಡಿನಲ್ಲಿ ಮುಗಿಸಿದರು. 19ನೇ ಸ್ಥಾನ.

ಹತ್ತೊಂಬತ್ತಾ, ಅದರಾಗ ಏನೈತಿ ಅಂತೀರಾ? ಲೆಕ್ಕ ಹಾಕೋಣ ಬರ್ರಿ. ಇವತ್ತು ಬೆಳಗ್ಗೆ ನೀವು ಓಡಿದ್ದು 5 ಕಿಲೋಮೀಟರ್. 20 ನಿಮಿಷದ ಒಳಗೆ ಮುಗಿಸಿದವರು ಎಷ್ಟು ಜನ? ಮೂರು, ನಾಲ್ಕು ಕೈ. ಶಾಬಾಸ್. 20 ನಿಮಿಷ ಅಂದರೆ ಕಿಲೋಮೀಟರಿಗೆ 4 ನಿಮಿಷ. ಫಡೆಪ್ಪ ಓಡಿದ್ದು ಇದೇ ವೇಗದಲ್ಲಿ. ನೀವು ಗೆರೆ ಮುಟ್ಟಿ ಕುಸಿದು ಕೂತಿರಲ್ಲ, ಅಲ್ಲಿ ಕೂಡದೆ, ವೇಗ ಬಿಡದೆ, ಇನ್ನೂ ಏಳೂವರೆ ಸಲ ಅಷ್ಟೇ ದೂರ ಓಡಬೇಕು. ಹಡಗಿನಲ್ಲಿ ಅಷ್ಟು ದಿನ ಕೂತು ಹೋಗಿ, ಗೊತ್ತಿಲ್ಲದ ಊರಲ್ಲಿ, ತಿಳಿಯದ ಭಾಷೆಯವರ ನಡುವೆ ಓಡಬೇಕು. ಜೊತೆಗೆ ಹೊರಟಿದ್ದ ದಾತಾರ್ ಅವರಿಗೆ ಆ ಓಟ ಮುಗಿಸಲಾಗಲಿಲ್ಲ. ಫಡೆಪ್ಪ ಮುಗಿಸಿದರು. ಒಲಿಂಪಿಕ್ ಮ್ಯಾರಥಾನಿನಲ್ಲಿ ಒಬ್ಬ ಭಾರತೀಯ ಅದಕ್ಕಿಂತ ಮುಂದಿನ ಸ್ಥಾನಕ್ಕೆ ಬರಲು 56 ವರ್ಷ ಬೇಕಾಯಿತು. 1976ರಲ್ಲಿ ಮಾಂಟ್ರಿಯಲ್‌ನಲ್ಲಿ ಶಿವನಾಥ್ ಸಿಂಗ್ 11ನೆಯವರಾಗಿ ಬಂದರು.

ಈಗ ಅದೇ ಓಟದ ಇನ್ನೊಬ್ಬನ ಕಥೆ ಕೇಳ್ರಿ. ಅವತ್ತು ಮೊದಲು ಬಂದವನು ಫಿನ್ಲೆಂಡಿನ ಹಾನ್ನೆಸ್ ಕೊಲೆಮೈನೆನ್. ಅವನ ದೇಶ ನಮ್ಮ ಒಂದು ದೊಡ್ಡ ಜಿಲ್ಲೆಗಿಂತ ಕಡಿಮೆ ಜನ ಇರುವ ದೇಶ. 32 ವರ್ಷ ಕಳೆದು, 1952ರಲ್ಲಿ, ಅವರ ಹೆಲ್ಸಿಂಕಿಯಲ್ಲಿ ಒಲಿಂಪಿಕ್ಸ್ ನಡೆಯಿತು. ಅಲ್ಲಿಯ ಕ್ರೀಡಾಂಗಣದ ಗೋಪುರದ ಮೇಲೆ ಜ್ಯೋತಿ ಹಚ್ಚಲು ಅವರು ಯಾರನ್ನು ಕರೆದರು? ಮುದುಕನಾಗಿದ್ದ ಅದೇ ಕೊಲೆಮೈನೆನ್‌ನನ್ನು. ಮಂತ್ರಿಯನ್ನು ಕರೆಯಲಿಲ್ಲ, ಸಿನಿಮಾ ನಟನನ್ನು ಕರೆಯಲಿಲ್ಲ.

ಅದೇ ಹೆಲ್ಸಿಂಕಿಯಲ್ಲಿ ನಮ್ಮ ಕಡೆಯ ಇನ್ನೊಬ್ಬ ಮಣ್ಣಿನ ಮಗನಿದ್ದ. ಖಾಶಾಬಾ ದಾದಾಸಾಹೇಬ ಜಾಧವ. ಸಾತಾರಾ ಜಿಲ್ಲೆ, ಕರಾಡದ ಹತ್ತಿರದ ಗೋಳೇಶ್ವರ. ಕುಸ್ತಿಯಲ್ಲಿ ಕಂಚು ಗೆದ್ದರು. ಸ್ವತಂತ್ರ ಭಾರತಕ್ಕೆ ಒಬ್ಬನೇ ಆಟಗಾರ ತಂದ ಮೊದಲ ಒಲಿಂಪಿಕ್ ಪದಕ ಅದು. ಅವರ ಪ್ರಯಾಣದ ಖರ್ಚಿಗೆ ಕೊಲ್ಲಾಪುರದ ರಾಜಾರಾಮ್ ಕಾಲೇಜಿನ ಪ್ರಾಂಶುಪಾಲ ಖರ್ಡೀಕರ್ ತಮ್ಮ ಮನೆಯನ್ನೇ ಒತ್ತೆಯಿಟ್ಟು 7,000 ರೂಪಾಯಿ ಕೊಟ್ಟರು. ಪದಕ ತಂದಾಗ ನೂರಕ್ಕೂ ಹೆಚ್ಚು ಎತ್ತಿನ ಗಾಡಿಯಲ್ಲಿ ಮೆರವಣಿಗೆ ಆಯಿತು. ಮೆರವಣಿಗೆ ಮುಗಿದ ಮೇಲೆ ಜಾಧವರು ಏನು ಮಾಡಿದರು ಗೊತ್ತೇನು? ಕುಸ್ತಿ ಏರ್ಪಡಿಸಿ, ಆಡಿ, ಬಂದ ದುಡ್ಡಿನಿಂದ ಗುರುಗಳ ಸಾಲ ತೀರಿಸಿದರು. ಅವರು ಮರೆಯಲಿಲ್ಲ. ನಾವು ಮರೆತಿವಿ. ಪೊಲೀಸ್ ಇಲಾಖೆಯಲ್ಲಿ ಸಬ್ ಇನ್ಸ್‌ಪೆಕ್ಟರ್ ಆಗಿ ಸೇರಿ ದುಡಿದರು. 1984ರಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡರು. ಅರ್ಜುನ ಪ್ರಶಸ್ತಿ ಸಿಕ್ಕಿದ್ದು 2000ನೇ ಸಾಲಿನದು, ಸತ್ತು ಹದಿನಾರು ವರ್ಷದ ಮೇಲೆ. ದಿಲ್ಲಿಯ ಕುಸ್ತಿ ಕ್ರೀಡಾಂಗಣಕ್ಕೆ ಅವರ ಹೆಸರು ಬಂದದ್ದು 2010ರಲ್ಲಿ.

ಧ್ಯಾನಚಂದರ ಕಥೆಯೂ ಇದೇ. 1928, 1932, 1936, ಮೂರು ಒಲಿಂಪಿಕ್ ಚಿನ್ನ. ಇವತ್ತು ಅವರ ಹುಟ್ಟುಹಬ್ಬ ಆಗಸ್ಟ್ 29 ಅಂದರೆ ರಾಷ್ಟ್ರೀಯ ಕ್ರೀಡಾ ದಿನ, ಶಾಲೆಯಲ್ಲಿ ಫೋಟೋಕ್ಕೆ ಹಾರ. ಅವರು ಸತ್ತದ್ದು 1979ರಲ್ಲಿ ದಿಲ್ಲಿಯ ಆಸ್ಪತ್ರೆಯ ಜನರಲ್ ವಾರ್ಡಿನಲ್ಲಿ. ನಾವು ಫೋಟೋಕ್ಕೆ ಹಾರ ಹಾಕುವುದರಲ್ಲಿ ಜಾಣರು. ಕೊರಳು ಇದ್ದಾಗ ಹಾರ ತರುವುದಿಲ್ಲ.

"ಅಣ್ಣಾ, ಇದೆಲ್ಲಾ ಹಳೇ ಕಾಲದ್ದು, ಆಗ ಟಿವಿ ಇರಲಿಲ್ಲ, ಮೊಬೈಲ್ ಇರಲಿಲ್ಲ" ಅಂತ ಹೇಳ್ತೀರಿ. ಸರಿ, ಮೊಬೈಲ್ ಕಾಲಕ್ಕೇ ಬರೋಣ. ಇಲ್ಲೇ ಭೀಮೆ ದಾಟಿದರೆ ವಿಜಯಪುರ ಜಿಲ್ಲೆ. ಆ ವಿಜಯಪುರದ ಹುಡುಗಿ ರಾಜೇಶ್ವರಿ ಗಾಯಕವಾಡ. 2017ರ ಮಹಿಳಾ ವಿಶ್ವಕಪ್ಪಿನಲ್ಲಿ ಭಾರತ ಸೆಮಿಫೈನಲ್ ಮುಟ್ಟಬೇಕಾದರೆ ನ್ಯೂಜಿಲೆಂಡ್ ಮೇಲೆ ಗೆಲ್ಲಲೇಬೇಕಿತ್ತು. ಜುಲೈ 15, ಇಂಗ್ಲೆಂಡಿನ ಡರ್ಬಿ ಮೈದಾನ. ಆ ಟೂರ್ನಿಯಲ್ಲಿ ಅದೇ ಮೊದಲ ಸಲ ರಾಜೇಶ್ವರಿಯ ಕೈಗೆ ಚೆಂಡು ಬಂತು. 15 ರನ್ ಕೊಟ್ಟು 5 ವಿಕೆಟ್ ಕಿತ್ತಳು. ನ್ಯೂಜಿಲೆಂಡ್ 79ಕ್ಕೆ ಆಲೌಟ್. ಐದು ದಿನ ಬಿಟ್ಟು ಅದೇ ಡರ್ಬಿಯಲ್ಲಿ ಹರ್ಮನ್‌ಪ್ರೀತ್ ಕೌರ್ ಆಸ್ಟ್ರೇಲಿಯಾ ಮೇಲೆ 171 ಹೊಡೆದರು. ಆ 171 ಎಲ್ಲರಿಗೂ ಬಾಯಿಪಾಠ. ಹೊಡೆಯಲೇಬೇಕಾದ ಆಟ, ಖರೆ. ಆದರೆ ಆ ಆಟಕ್ಕೆ ಬಾಗಿಲು ತೆಗೆದ 5 ವಿಕೆಟ್ ಯಾರದು ಅಂತ ಕೇಳಿದರೆ, ನದಿಯ ಈ ದಂಡೆಯವರೇ ತಲೆ ಕೆರಕೋತೀವಿ. 2025ರ ನವೆಂಬರಿನಲ್ಲಿ ನಮ್ಮ ಹೆಣ್ಣುಮಕ್ಕಳು ವಿಶ್ವಕಪ್ ಗೆದ್ದಾಗ ಎಲ್ಲರ ಸ್ಟೇಟಸ್ಸಿನಲ್ಲೂ ಅದೇ ಫೋಟೋ. ಸ್ಟೇಟಸ್ಸಿನ ಆಯುಷ್ಯ ಎಷ್ಟು? 24 ತಾಸು. ನಮ್ಮ ಅಭಿಮಾನದ ಆಯುಷ್ಯನೂ ಅಷ್ಟೇ ಆಗೇತಿ.

ಹಂಗಾದರೆ ನಮ್ಮ ಜನಕ್ಕೆ ನೆನಪಿಡೋ ಗುಣನೇ ಇಲ್ಲೇನು? ಅದನ್ನ ನಾ ಒಪ್ಪಂಗಿಲ್ಲ. ನಮ್ಮ ಊರೂರಲ್ಲಿ ವೀರಗಲ್ಲು ಅದಾವ. ಊರ ದನ ಉಳಿಸಲು ಹೋಗಿ ಸತ್ತವನಿಗೆ ಕಲ್ಲು ನೆಟ್ಟ ಜನ ನಾವು. ಅಷ್ಟೇ ಅಲ್ಲ, ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಒಂದು ಕಲ್ಲು ಸಿಕ್ಕಿದೆ, ಕ್ರಿ.ಶ. 949-50ರದು. ಕಾಳಿ ಎಂಬ ಬೇಟೆನಾಯಿ ಕಾಡುಹಂದಿಯ ಜೊತೆ ಕಾದಾಡಿ ಸತ್ತದ್ದಕ್ಕೆ ನೆಟ್ಟ ಕಲ್ಲು. ನಾಯಿಯ ಹೆಸರನ್ನೂ ಕೆತ್ತಿಸಿದ್ದಾರೆ. ಸಾವಿರ ವರ್ಷ ದಾಟಿದರೂ ಇವತ್ತು ನಾನು ನಿಂತು ಕಾಳಿ ಅಂತ ಹೇಳ್ತಿದೀನಿ. ಒಂದು ನಾಯಿಯ ಹೆಸರು ಉಳಿಸಿದ ನಾಡಿನಲ್ಲಿ ಒಲಿಂಪಿಕ್ಸಿಗೆ ಓಡಿದ ಮನುಷ್ಯನ ಹೆಸರು ಯಾಕೆ ಉಳಿಯಲಿಲ್ಲ?

ಯಾಕಂದರೆ ಕಾಳಿಯ ಹೆಸರನ್ನು ಯಾರೋ ಕೂತು ಬರೆಸಿದರು. ಫಡೆಪ್ಪನ ಹೆಸರನ್ನು ಊರು ಬರೆಯಲಿಲ್ಲ. ಇಷ್ಟೇ ವ್ಯತ್ಯಾಸ. ಚಪ್ಪಾಳೆಗೆ ನೆನಪಿಲ್ಲ, ಬರವಣಿಗೆಗೆ ಐತಿ. ಸೊಲ್ಲಾಪುರದಲ್ಲೇ ನೋಡ್ರಿ. 1931ರ ಜನವರಿ 12ರಂದು ಯರವಡಾ ಜೈಲಿನಲ್ಲಿ ಗಲ್ಲಿಗೇರಿದ ಮಲ್ಲಪ್ಪ ಧನಶೆಟ್ಟಿ, ಅಬ್ದುಲ್ ರಸೂಲ್ ಕುರ್ಬಾನ್ ಹುಸೇನ್, ಜಗನ್ನಾಥ ಶಿಂಧೆ, ಶ್ರೀಕಿಸನ್ ಸಾರಡಾ, ಈ ನಾಲ್ವರ ಹೆಸರು ಉಳಿದಿವೆ. ಚೌಕದಲ್ಲಿ ಪುತ್ಥಳಿ ನಿಲ್ಲಿಸಿದ್ದಾರೆ, ವರ್ಷಕ್ಕೊಮ್ಮೆ ನೆನೆಯುತ್ತಾರೆ. ದೇಶ ನೆನಪಿಡುವುದು ತಾನಾಗಿ ಆಗುವ ಕೆಲಸ ಅಲ್ಲ. ಯಾರೋ ಮಾಡಬೇಕು, ಪ್ರತಿ ವರ್ಷ ಮಾಡಬೇಕು.

ಈಗ ನಮ್ಮ ಗಡಿಯ ತೊಂದರೆಗೆ ಬರ್ತೀನಿ. ದಾಖಲೆಯಲ್ಲಿ ಆ ಓಟಗಾರನ ಹೆಸರು ಹೆಚ್ಚಾಗಿ ಪಿ. ಡಿ. ಚೌಗುಲೆ ಅಂತ ಇರ್ತದ. ಫಡೆಪ್ಪ, ದರೆಪ್ಪ, ಎರಡೂ 'ಅಪ್ಪ' ಆ ಎರಡು ಅಕ್ಷರದಲ್ಲಿ ಮಾಯ. ನಮ್ಮಲ್ಲಿ ಎಷ್ಟು ಜನರ ಹೆಸರು ಹಿಂಗ ಆಗೇತಿ? ಮನೆಯಲ್ಲಿ ಒಂದು ಹೆಸರು, ಶಾಲೆಯ ದಾಖಲೆಯಲ್ಲಿ ಇನ್ನೊಂದು, ಆಧಾರ್ ಕಾರ್ಡಿನಲ್ಲಿ ಮತ್ತೊಂದು. ಆ ಕಡೆಯವರು ಪಟ್ಟಿ ಮಾಡುವಾಗ "ಇವರು ಮಹಾರಾಷ್ಟ್ರದವರು" ಅಂತ ಬಿಡ್ತಾರ. ಈ ಕಡೆಯವರು "ಹೆಸರು ನೋಡಿದರೆ ಕನ್ನಡದವರು" ಅಂತ ಬಿಡ್ತಾರ. ಇಬ್ಬರ ಪಟ್ಟಿಯಲ್ಲೂ ನಮ್ಮ ಪೈಲ್ವಾನ ಇರೋದಿಲ್ಲ.

ಒಂದು ಮಾತು ಮಾತ್ರ ಸ್ಪಷ್ಟ ಇರಲಿ. ಫಡೆಪ್ಪ ಕನ್ನಡದವರೋ ಮರಾಠಿಯವರೋ ಅಂತ ಜಗಳ ತೆಗೆಯೋಕೆ ನಾನು ಬಂದಿಲ್ಲ. ಅವರು ಓಡಿದಾಗ ಕರ್ನಾಟಕ ರಾಜ್ಯನೂ ಇರಲಿಲ್ಲ, ಮಹಾರಾಷ್ಟ್ರ ರಾಜ್ಯನೂ ಇರಲಿಲ್ಲ. ಎಲ್ಲಾ ಮುಂಬಯಿ ಪ್ರಾಂತ್ಯ. ಮನುಷ್ಯನನ್ನ ನೆನೆಯದವರು ಅವನ ಜಾತಿ-ಭಾಷೆ ಹಿಡಿದು ಎಳೆದಾಡಿದರೆ ಅದು ಅಭಿಮಾನ ಅಲ್ಲ. ಖಾಶಾಬಾ ಜಾಧವರು ಮರಾಠಿ ಮನೆಯವರು, ಅವರನ್ನ ಮರಾಠಿ ನಾಡೇ ಎಷ್ಟೋ ವರ್ಷ ಮರೆತಿತ್ತು. ಮರೆಯೋದರಲ್ಲಿ ಎರಡೂ ಕಡೆಯವರು ಅಣ್ಣ-ತಮ್ಮಂದಿರು.

ಇನ್ನು ನನ್ನ ತಪ್ಪು ಹೇಳ್ತೀನಿ. ನಮ್ಮ ಮುತ್ಯಾ ಕುಸ್ತಿ ಆಡಿದವರು. ಜಾತ್ರೆಯಲ್ಲಿ ಬೆಳ್ಳಿ ಕಡೆ ಗೆದ್ದಿದ್ದರಂತೆ. "ಅಂತೆ" ಅಂತ ಯಾಕೆ ಹೇಳ್ತೀನಿ ಅಂದರೆ, ಯಾವ ಜಾತ್ರೆ, ಯಾವ ವರ್ಷ, ಯಾರ ಜೊತೆ, ನನಗೆ ಗೊತ್ತಿಲ್ಲ. ಅವರು ಇದ್ದಾಗ ದಿನಾ ಸಂಜೆ ಕಟ್ಟೆಯ ಮೇಲೆ ಕೂತು ಹೇಳ್ತಿದ್ದರು. ನಾನು ಕಿವಿಗೆ ಇಯರ್‌ಫೋನ್ ಹಾಕ್ಕೊಂಡು ಕ್ರಿಕೆಟ್ ಕಾಮೆಂಟರಿ ಕೇಳ್ತಿದ್ದೆ. ಅವರ ಟ್ರಂಕಿನಲ್ಲಿ ಹಳೇ ಕುಸ್ತಿ ಜಾಹೀರಾತಿನ ಕಾಗದಗಳಿದ್ದವು. ಅವರು ಹೋದ ಮೇಲೆ ಮನೆ ಸುಣ್ಣ ಬಳಿಯುವಾಗ ರದ್ದಿಗೆ ತೂಕ ಹಾಕಿ ಕೊಟ್ಟವನು ನಾನೇ. ಎಷ್ಟು ಬಂತು ಅಂತಲೂ ನೆನಪಿಲ್ಲ. ಆ ರದ್ದಿಯ ಜೊತೆ ಅವರ ಮೂವತ್ತು ವರ್ಷದ ಬೆವರು ಹೋಯಿತು. ಸರ್ಕಾರ ಮರೆಯಿತು, ದೇಶ ಮರೆಯಿತು ಅಂತ ಬೈಯುವಾಗೆಲ್ಲ ನನಗೆ ಆ ತಕ್ಕಡಿ ನೆನಪಾಗತದ.

ಕಾಗದದ ಬೆಲೆ ಏನು ಅನ್ನೋದಕ್ಕೆ ಅಮೆರಿಕದ ಒಂದು ಸಂಗತಿ. ಜಿಮ್ ಥಾರ್ಪ್ ಅಂತ ಅಲ್ಲಿಯ ಮೂಲನಿವಾಸಿ ಆಟಗಾರ. 1912ರ ಒಲಿಂಪಿಕ್ಸಿನಲ್ಲಿ ಎರಡು ಚಿನ್ನ ಗೆದ್ದ. ಹಿಂದೆ ಸಣ್ಣ ಸಂಬಳಕ್ಕೆ ಬೇಸ್‌ಬಾಲ್ ಆಡಿದ್ದ ಅಂತ ಹೇಳಿ 1913ರಲ್ಲಿ ಪದಕ ಕಸಿದರು. 1953ರಲ್ಲಿ ಬಡತನದಲ್ಲೇ ಸತ್ತ. ಆಮೇಲೆ ಅವನ ಪರ ನಿಂತವರು ಗ್ರಂಥಾಲಯ ಹುಡುಕಿ 1912ರ ನಿಯಮದ ಪುಸ್ತಕ ಹೊರಗೆ ತೆಗೆದರು. ದೂರು ಕೊಡುವುದಿದ್ದರೆ 30 ದಿನದೊಳಗೆ ಕೊಡಬೇಕು ಅಂತ ಅದರಲ್ಲಿತ್ತು. ಅವನ ಮೇಲಿನ ದೂರು ಆ ಗಡುವು ಮುಗಿದ ಮೇಲೆ ಬಂದದ್ದು. 1982ರಲ್ಲಿ ಅವನ ಹೆಸರು ಮತ್ತೆ ಸೇರಿತು, 2022ರಲ್ಲಿ ಅವನೊಬ್ಬನೇ ವಿಜೇತ ಅಂತ ಒಪ್ಪಿದರು. 70 ವರ್ಷದ ಹಿಂದಿನ ಒಂದು ಪುಸ್ತಕವನ್ನು ಯಾರೂ ರದ್ದಿಗೆ ಹಾಕಿರಲಿಲ್ಲ, ಅದಕ್ಕೇ ನ್ಯಾಯ ಸಿಕ್ಕಿತು.

ನಮ್ಮಲ್ಲಿ ಇದು ಬರೀ ಗೌರವದ ಮಾತಲ್ಲ, ಹೊಟ್ಟೆಯ ಮಾತೂ ಹೌದು. ಕಷ್ಟದಲ್ಲಿರುವ ಹಳೆಯ ಆಟಗಾರರಿಗೆ ನೆರವು ಕೊಡಲು ಕೇಂದ್ರ ಸರ್ಕಾರದಲ್ಲಿ ಕ್ರೀಡಾಪಟುಗಳ ಕಲ್ಯಾಣ ನಿಧಿ ಇದೆ. ಕರ್ನಾಟಕದಲ್ಲಿ ಮಾಜಿ ಕುಸ್ತಿಪಟುಗಳಿಗೆ ಮಾಸಾಶನ ಇದೆ. ಇಂಥ ಎಲ್ಲಾ ಕಡೆ ಕೇಳುವುದು ಒಂದೇ: ಎಲ್ಲಿ ಆಡಿದಿರಿ, ಯಾವಾಗ ಆಡಿದಿರಿ, ಪುರಾವೆ ತೋರಿಸಿರಿ. ಅರವತ್ತು ದಾಟಿದ ಪೈಲ್ವಾನ, ಮೊಣಕಾಲು ಹೋಗಿರುವ ಕಬಡ್ಡಿ ಆಟಗಾರ, ಅವರು ಎಲ್ಲಿಂದ ಪುರಾವೆ ತರಬೇಕು? ಊರ ನೆನಪೇ ಅವರ ಪುರಾವೆ. ಆ ನೆನಪು ಕಾಗದದ ಮೇಲೆ ಬರಬೇಕು.

ಹೆಣ್ಣುಮಕ್ಕಳದು ಇನ್ನೂ ಕಷ್ಟ. ಶಾಲೆಯಲ್ಲಿ ಖೋಖೋ ಆಡಿ ಜಿಲ್ಲೆಗೆ ಹೋಗಿ ಬಂದ ಅಕ್ಕಂದಿರು ಇಲ್ಲೇ ಕೂತಿದ್ದೀರಿ. ನಮ್ಮ ಕಡೆ ಹೆಸರಿನ ನಡುವೆ ಅಪ್ಪನ ಹೆಸರು ಇರ್ತದ. ಮದುವೆಯಾದರೆ ಅಲ್ಲಿ ಗಂಡನ ಹೆಸರು, ಅಡ್ಡಹೆಸರೂ ಬೇರೆ, ಕೆಲವು ಮನೆಯಲ್ಲಿ ಸ್ವಂತ ಹೆಸರೂ ಬೇರೆ. ಪ್ರಮಾಣಪತ್ರದ ಹುಡುಗಿಯೇ ಈ ಹೆಂಗಸು ಅಂತ ಸಾಬೀತು ಮಾಡುವುದು ಹೇಗೆ? ಆಟ ಬಿಟ್ಟ ದಿನ ಯಾರೂ ಕೇಳಲಿಲ್ಲ, ಹೆಸರು ಬಿಟ್ಟ ದಿನವೂ ಯಾರೂ ಕೇಳಲಿಲ್ಲ. ಅದಕ್ಕೇ ಬರೆಯುವಾಗ ತವರಿನ ಹೆಸರು, ಗಂಡನ ಮನೆಯ ಹೆಸರು ಎರಡೂ ಬರೆಯಿರಿ.

ಇಲ್ಲೊಬ್ಬ ತಮ್ಮ ಕೇಳಿದ, "ಅಣ್ಣಾ, ಎಲ್ಲಾರನ್ನೂ ನೆನಪಿಡೋಕೆ ಆಗತದೇನು?" ಒಳ್ಳೇ ಪ್ರಶ್ನೆ. ಆಗಂಗಿಲ್ಲ. ಮೆದುಳು ಗೋದಾಮಲ್ಲ. ದೇಶ ನೆನಪಿಡದಿದ್ದರೆ ರಾಜ್ಯ, ರಾಜ್ಯ ಬಿಟ್ಟರೆ ಜಿಲ್ಲೆ, ಜಿಲ್ಲೆ ಬಿಟ್ಟರೆ ಊರು. ಊರೂ ಬಿಟ್ಟರೆ ಮುಗೀತು, ಅದರ ಕೆಳಗೆ ಹಿಡಿಯುವವರಿಲ್ಲ. ಎಲ್ಲರೂ ಎಲ್ಲರನ್ನೂ ನೆನಪಿಡಬೇಕಿಲ್ಲ. ಒಂದೊಂದು ಊರು ತನ್ನವರನ್ನು ನೆನಪಿಟ್ಟರೆ ಸಾಕು.

ಹಂಗಾದರೆ ಏನು ಮಾಡೋಣ? ನಾಳೆ ಒಂದು ನೂರು ಪುಟದ ನೋಟಬುಕ್ ತಗೊಳ್ರಿ. ಹನುಮಂತ ದೇವರ ಗುಡಿ ಮುಂದೆ ಸಂಗ್ರಾಣಿ ಕಲ್ಲು ಬಿದ್ದಿರ್ತದಲ್ಲ, ಅಲ್ಲಿ ಕೂತ ಹಿರಿಯರ ಹತ್ತಿರ ಹೋಗ್ರಿ. ಒಂದೇ ಪ್ರಶ್ನೆ ಕೇಳ್ರಿ: "ಮುತ್ಯಾ, ಈ ಕಲ್ಲನ್ನ ಕೊನೆಗೆ ಎತ್ತಿದವರು ಯಾರು?" ಆಮೇಲೆ ನೀವು ಕೇಳಬೇಕಾಗಿಲ್ಲ, ಮಾತು ತಾನೇ ಹರಿಯತದ. ಒಬ್ಬೊಬ್ಬರಿಗೆ ಒಂದು ಪುಟ. ಪೂರ್ತಿ ಹೆಸರು, ಅಪ್ಪನ ಹೆಸರು, ಇನಿಷಿಯಲ್ ಬ್ಯಾಡ. ಯಾವ ಆಟ, ಯಾವ ಊರಲ್ಲಿ, ಯಾವ ವರ್ಷ. ವರ್ಷ ಗೊತ್ತಿಲ್ಲದಿದ್ದರೆ "ಬರಗಾಲದ ವರ್ಷ", "ಹೊಳೆ ಬಂದ ವರ್ಷ" ಅಂತ ಅವರು ಹೇಳಿದ ಹಾಗೇ ಬರೆಯಿರಿ, ಆಮೇಲೆ ಹುಡುಕೋಣ. ಕಣ್ಣಾರೆ ಕಂಡವರು ಯಾರು, ಅವರ ಹೆಸರು. ಮನೆಯಲ್ಲಿ ಏನು ಉಳಿದಿದೆ: ಕಡೆ, ಗದೆ, ಫೋಟೋ, ಜಾಹೀರಾತು. ಅದರ ಫೋಟೋ ತೆಗೆಯಿರಿ, ಮೂಲ ಅವರ ಮನೆಯಲ್ಲೇ ಇರಲಿ. ಎಡಗಡೆ ಪುಟದಲ್ಲಿ ಕನ್ನಡ, ಬಲಗಡೆ ಮರಾಠಿ. ಗ್ರಾಮಪಂಚಾಯತಿಯವರಿಗೂ ಓದಲು ಬರಬೇಕು, ನಾಳೆ ನಿಮ್ಮ ಮಕ್ಕಳಿಗೂ ಓದಲು ಬರಬೇಕು. ಮತ್ತ ಒಂದು, ಬಣ್ಣ ಹಚ್ಚಬ್ಯಾಡ್ರಿ. ಸೋತಿದ್ದರೆ ಸೋತರು ಅಂತಲೇ ಬರೆಯಿರಿ. ಫಡೆಪ್ಪ 19ನೆಯವರು. ಆ ಹತ್ತೊಂಬತ್ತನ್ನ ಒಂದು ಮಾಡಿ ಹೇಳಿದ್ದರೆ ನೀವು ಇವತ್ತು ನನ್ನ ಮಾತು ನಂಬುತ್ತಿರಲಿಲ್ಲ.

ಕೊನೆಗೆ ಒಂದು ಕೋರಿಕೆ. ಇವತ್ತು ಬಹುಮಾನ ಗೆದ್ದವರು ಮೂವರು. ಓಟ ಮುಗಿಸಿದವರು ಬಹಳ ಮಂದಿ. ಸಂಘಟಕರ ಹತ್ತಿರ ಆ ಪಟ್ಟಿ ಇದೆ, ಬೆವರಿನಿಂದ ಒದ್ದೆಯಾದ ಒಂದು ಹಾಳೆ. ಅದನ್ನ ಪೆಂಡಾಲ್ ಬಿಚ್ಚುವಾಗ ಬಿಸಾಡಬ್ಯಾಡ್ರಿ. ನೋಟಬುಕ್ಕಿನ ಮೊದಲ ಪುಟದಲ್ಲಿ ಅದನ್ನೇ ಬರೆಯಿರಿ. ಮೊದಲು ಬಂದವನ ಹೆಸರು ಬರೆಯಿರಿ, ಹತ್ತೊಂಬತ್ತನೆಯವನ ಹೆಸರೂ ಬರೆಯಿರಿ. ಅಪ್ಪನ ಹೆಸರು ಸಮೇತ.

ಇವತ್ತು ಹತ್ತೊಂಬತ್ತನೆಯವನಾಗಿ ಬಂದ ತಮ್ಮ ಯಾರಪ್ಪ? ಎಲ್ಲಿದ್ದೀಯಾ? ಬಾ, ಮ್ಯಾಲೆ ಬಾ. ನಾಚಿಕೋಬ್ಯಾಡ. ಮೊದಲ ಹೆಸರು ನಿಂದೇ ಕೇಳ್ತೀನಿ. ಪೂರ್ತಿ ಹೇಳು, ಜೋರಾಗಿ ಹೇಳು.